ಮುನ್ನೂರ ಎಂಬತ್ತು ರೂಪಾಯಿಯ ಗ್ಲಾಸು

ನನ್ನ ಸೋದರಮಾವ ನನ್ನ ಮಾತನ್ನು ನಂಬದೇ ಹೋದದ್ದು ಒಂದೇ ಒಂದು ಸಲ. ಒಂದು ಗ್ಲಾಸು ಬಿಯರಿಗೆ ಮುನ್ನೂರ ಎಂಬತ್ತು ರೂಪಾಯಿ ಕೊಟ್ಟು ಬಂದೆ ಎಂದು ನಾನು ಹೇಳಿದಾಗ.

ಮಾವ ಆಗ ಮಧುಗಿರಿಯ ನಮ್ಮ ಮನೆಯಲ್ಲಿದ್ದ. ಅವನ ಊರು ವೈ.ಎನ್.ಹೊಸಕೋಟೆಯ ಹತ್ತಿರದ ಹಳ್ಳಿ. ಎಡಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಕೊನೆಯ ತಪಾಸಣೆಗೆಂದು ಬಂದವನನ್ನು ನನ್ನ ಹೆಂಡತಿ ಹದಿನೈದು ದಿನ ಇದ್ದೇ ಹೋಗಬೇಕು ಎಂದು ನಿಲ್ಲಿಸಿಕೊಂಡಿದ್ದಳು. ಬೆಳಗ್ಗೆ ಎದ್ದವನೇ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಬಲಗಣ್ಣು ಮುಚ್ಚಿ, ಹೊಸ ಕಣ್ಣೊಂದರಲ್ಲೇ ಕೋಟೆಯ ಬೆಟ್ಟ ನೋಡುತ್ತಿದ್ದ. "ಮೇಲಕ್ಕೆ ಹತ್ತೋರೆಲ್ಲ ಇರುವೆ ಸಾಲಿನಂಗೆ ಕಾಣ್ತಾರೆ ಕಣ್ಲಾ. ಒಬ್ಬ ಕೆಂಪಂಗಿಯೋನು ಅರ್ಧಕ್ಕೇ ಕೂತ್ಬುಟ್ಟ" ಎಂದು ಕಾಫಿ ಕೊಡಲು ಹೋದವರಿಗೆಲ್ಲ ವರದಿ ಕೊಡುತ್ತಿದ್ದ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆ ವಾರ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನಿವೃತ್ತರಾಗಿದ್ದರು. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ನನ್ನನ್ನೂ ಸೇರಿ ಮೂರು ಜನರನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಸಿರಾ ಹತ್ರ ಹೊಸದೊಂದು ಆಗಿದೆಯಂತೆ, ಬಿಯರು ಅಲ್ಲೇ ಮಾಡ್ತಾರಂತೆ, ಹೋಗಿಬರಾಣ" ಅಂದಿದ್ದರು. ಮಧುಗಿರಿಯಲ್ಲೇ ಯಾವುದಾದರೂ ಬಾರಿಗೆ ಹೋಗುವ ಹಾಗಿಲ್ಲ. ಮೇಷ್ಟ್ರ ಸ್ಕೂಟರು ಬಾರಿನ ಮುಂದೆ ಐದು ನಿಮಿಷ ನಿಂತರೆ ಮರುದಿನ ಹತ್ತನೇ ತರಗತಿಯ ಹಿಂದಿನ ಬೆಂಚಿಗೆ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಸಿರಾ ದೂರವಾದಷ್ಟೂ ಒಳ್ಳೆಯದು ಅನ್ನಿಸಿತ್ತು.

ಅಲ್ಲಿ ನಾನು ಕುಡಿದದ್ದು ಒಂದೇ ಗ್ಲಾಸು. ಎರಡನೆಯದನ್ನು ಕೇಳದಿರಲು ಸಂಯಮ ಕಾರಣವಲ್ಲ, ಮೆನು ಕಾರ್ಡಿನ ಬಲಗಡೆಯ ಸಾಲು ಕಾರಣ. ಮನೆಗೆ ಬಂದು ಊಟಕ್ಕೆ ಕೂತಾಗ ಮಾವನ ಹತ್ತಿರ ಬಾಯಿ ಬಿಟ್ಟೆ.

"ಎಷ್ಟಂದೆ?"

"ಮುನ್ನೂರ ಎಂಬತ್ತು. ಮೇಲೆ ತೆರಿಗೆ ಬೇರೆ."

"ಒಂದು ಕೇಸಿಗಾ?"

"ಒಂದು ಗ್ಲಾಸಿಗೆ ಮಾವ."

ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಸಿಟ್ಟು ಬಂದರೂ ಆಶ್ಚರ್ಯವಾದರೂ ಅವನ ಬಾಯಲ್ಲಿ ಮೊದಲು ಬರುವುದು ತೆಲುಗು. "ಅಬ್ಬೋ! ಏಮಿ ಅಲ್ಲುಡೂ, ಸುಳ್ಳೇಳಾಕೆ ಒಂದು ಮಿತಿ ಬ್ಯಾಡ್ವಾ? ನಾನೊಂದಿನ ಬಿಸಿಲಾಗೆ ಹುಲ್ಲು ಕಿತ್ರೆ ಬರೋ ಕೂಲಿ ಕಣ್ಲಾ ಅದು. ಅಂಥಾದ್ದೇನು ಬಿಟ್ಟವ್ರೆ ಅದ್ರಾಗೆ?"

ಅವನು ಕೇಳಿದ್ದು ಹಾಸ್ಯಕ್ಕಲ್ಲ. ಪಾವಗಡದ ಕಡೆ ಸೋಲಾರ್ ಹಲಗೆಗಳ ಸಾಲಿನ ನಡುವೆ ಹುಲ್ಲು ಕೀಳುವ ಕೆಲಸ ಅವನದು. ಅದಕ್ಕೆ ಮೊದಲು ಮೂವತ್ತು ವರ್ಷ ಅವನು ಸೇಂದಿ ಇಳಿಸುತ್ತಿದ್ದ. ಈಚಲು ಮರ ಹತ್ತಿ, ಸುಳಿಯ ಕೆಳಗೆ ಕೆತ್ತಿ, ಮಡಕೆ ಕಟ್ಟಿ, ಹೊತ್ತು ಮೂಡುವ ಮೊದಲೇ ಇಳಿಸಿ ತರುವ ಕಸುಬು. ಸರ್ಕಾರ ಸೇಂದಿಯನ್ನು ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಗಿದೆ. ನಿಂತ ದಿನದಿಂದ ಮಾವ ಯಾವ ಕುಡಿತವನ್ನೂ ಮುಟ್ಟಿಲ್ಲ. ಕಸುಬಿದ್ದಾಗಲೂ ಅವನು ಕುಡಿಯುವವನಲ್ಲ. ಪ್ರತಿ ಮಡಕೆಯನ್ನೂ ಮೂಸುತ್ತಿದ್ದ, ನಾಲಗೆಗೆ ಒಂದು ಹನಿ ಮುಟ್ಟಿಸಿ ಉಗಿಯುತ್ತಿದ್ದ. ಯಾವ ಮಡಕೆ ಯಾವ ಮರದ್ದು ಎಂದು ಕಣ್ಣು ಕಟ್ಟಿದರೂ ಹೇಳುತ್ತಿದ್ದ ಎಂದು ನಮ್ಮಮ್ಮ ತಮ್ಮನ ಬಗ್ಗೆ ಹೆಮ್ಮೆಪಡುತ್ತಿದ್ದಳು.

ಎರಡು ದಿನ ಮಾವ ಆ ಮಾತು ಬಿಡಲಿಲ್ಲ. ಮೂರನೆಯ ದಿನ, "ನನ್ನ ಕರ್ಕೊಂಡೋಗು. ಕುಡಿಯಾಕಲ್ಲ, ನೋಡಾಕೆ" ಅಂದ.

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ರೀ, ಕಣ್ಣು ತೋರಿಸೋಕೆ ಬಂದೋರನ್ನ ಬಾರಿಗೆ ಕರ್ಕೊಂಡು ಹೋಗ್ತೀರಾ? ಊರಿಗೆ ಗೊತ್ತಾದ್ರೆ ಅತ್ತೆ ನನ್ನ ಸುಮ್ನೆ ಬಿಡ್ತಾರಾ?"

"ಕಣ್ಣು ಬಂದೈತಲ್ಲ ಕಣಮ್ಮ, ಏನಾರ ನೋಡ್ಬೇಕಲ್ಲ" ಅಂದ ಮಾವ. ಅವಳಿಗೆ ನಗು ಬಂದು ಅಲ್ಲಿಗೆ ಅದು ಮುಗಿಯಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬಸ್ಸು ಹತ್ತಿದೆವು. ಮಾವ ಒಗೆದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವಲು ಹಾಕಿ, ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಏರಿಸಿದ್ದ. ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಆಟೋದವನಿಗೆ ಜಾಗ ಹೇಳಿದಾಗ ಅವನು ಮಾವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಬೈಠೋ ತಾತಾ, ಇವತ್ತು ನಿಮ್ದೇನಾ ಪಾರ್ಟಿ?" ಎಂದು ನಗುತ್ತಲೇ ಗಾಡಿ ಎತ್ತಿದ.

ಹೆದ್ದಾರಿಯಿಂದ ಒಳಕ್ಕೆ ತಿರುಗಿ ಒಂದಿಷ್ಟು ದೂರ ಹೋದರೆ ಆ ಜಾಗ. ಹೊರಗೆ ಹುಣಸೆ ಮರ, ಒಳಗೆ ಎತ್ತರದ ಚಾವಣಿ. ಗಾಜಿನ ಗೋಡೆಯ ಆಚೆ ಆಳೆತ್ತರದ ಐದು ಸ್ಟೀಲ್ ಟ್ಯಾಂಕುಗಳು ನಿಂತಿದ್ದವು. ಮಧ್ಯಾಹ್ನವಾದ್ದರಿಂದ ಎರಡೇ ಮೇಜಿನಲ್ಲಿ ಜನ. ಮಾವ ಕೂರಲಿಲ್ಲ. ನೇರವಾಗಿ ಗಾಜಿನ ಹತ್ತಿರ ಹೋಗಿ, ಕನ್ನಡಕ ತೆಗೆದು, ಮೂಗು ತಾಗುವಷ್ಟು ಸಮೀಪ ನಿಂತ. ಟ್ಯಾಂಕಿನ ಹೊಟ್ಟೆಯಲ್ಲಿ ಅವನ ಬಿಳಿ ಪಂಚೆ ಉದ್ದಕ್ಕೆ ಎಳೆದ ಹಾಗೆ ಮೂಡಿತ್ತು.

"ಇಷ್ಟು ಚೊಕ್ಕಟವಾಗಿ ನಮ್ಮೂರ ಡೈರೀನೂ ಇಲ್ಲ" ಎಂದು ತಿರುಗಿ ಬಂದು ಕೂತ.

ಬಡಿಸುವ ಹುಡುಗನಿಗೆ ನಾನು ವಿಷಯ ಹೇಳಿದೆ. ಇವರಿಗೆ ಕುಡಿಯುವುದಕ್ಕಿಂತ ತಿಳಿಯುವುದು ಮುಖ್ಯ ಅಂದೆ. ಅವನು ಸೌಜನ್ಯದವನು. ಗ್ಲಾಸು ಕೊಳ್ಳುವ ಮೊದಲು ರುಚಿ ನೋಡಲು ಸ್ವಲ್ಪ ಸ್ವಲ್ಪ ಕೊಡುತ್ತೇವೆ ಎಂದು ಹೇಳಿ, ಮರದ ಹಲಗೆಯೊಂದರ ಮೇಲೆ ನಾಲ್ಕು ಪುಟ್ಟ ಗ್ಲಾಸು ಇಟ್ಟುಕೊಂಡು ಬಂದ. ಗೋಧಿಯದು, ಕಹಿಯದು, ಜೇನಿನದು, ಕಪ್ಪನೆಯದು.

ಮಾವ ಮೊದಲು ಕಪ್ಪನೆಯದನ್ನು ಎತ್ತಿ ಮೂಸಿದ. ಇಳಿಸಿದ. ಕಹಿಯದನ್ನು ಮೂಸಿದ. ಪ್ರತಿಯೊಂದರ ನಡುವೆಯೂ ತನ್ನ ಟವಲಿನ ತುದಿ ಮೂಸುತ್ತಿದ್ದ. ಯಾಕೆ ಎಂದು ಕೇಳಿದೆ. "ಮೂಗು ತೊಳ್ಕಬೇಕಲ್ಲ. ನಮ್ಮ ಮೈ ವಾಸನೆಗೆ ಬಂದ್ರೆ ಮೂಗು ಮನೆಗೆ ಬಂದಂಗೆ" ಅಂದ.

ಗೋಧಿಯದರ ಹತ್ತಿರ ಬಂದಾಗ ಅವನ ಮುಖ ಅರಳಿತು. "ಇದ್ರಾಗೆ ಬಾಳೆಹಣ್ಣು ಐತೆ. ಲವಂಗಾನೂ ಐತೆ."

"ಕರೆಕ್ಟ್ ತಾತ! ಆದ್ರೆ ಅವೆರಡನ್ನೂ ನಾವು ಹಾಕಲ್ಲ" ಎಂದ ಹುಡುಗ. "ಆ ವಾಸ್ನೆ ಈಸ್ಟೇ ಮಾಡೋದಂತೆ. ನಮ್ಮ ಮೇಡಮ್ ಹೇಳ್ತಿರ್ತಾರೆ."

ಬಾಳೆಹಣ್ಣು ಹಾಕದೆ ಬಾಳೆಹಣ್ಣಿನ ವಾಸನೆ. ಮಾವ ನನ್ನ ಕಡೆ ನೋಡಿದ. ಮೇಷ್ಟ್ರಾದ ನಾನು ಅದಕ್ಕೆ ಸಾಕ್ಷಿ ಹೇಳಬೇಕು ಎಂಬಂತೆ. ನಾನು ತಲೆಯಾಡಿಸಿದೆ. ಅವನು ಮತ್ತೊಮ್ಮೆ ಆ ಗ್ಲಾಸನ್ನು ಮೂಗಿನ ಹತ್ತಿರ ತಂದ. ಈ ಸಲ ಬಹಳ ಹೊತ್ತು ಹಿಡಿದುಕೊಂಡ. ಕಿರುಬೆರಳನ್ನು ಅದ್ದಿ ನಾಲಗೆಯ ತುದಿಗೆ ಮುಟ್ಟಿಸಿದ. ಆಮೇಲೆ ಗ್ಲಾಸನ್ನು ಹಲಗೆಯ ಮೇಲೆ ಇಡದೆ, ಸ್ವಲ್ಪ ದೂರದಲ್ಲಿ ಬೇರೆಯಾಗಿ ಇಟ್ಟ.

"ಇದ್ರ ಅಡೀಲಿ ಮಜ್ಜಿಗೆ ಕೂತದೆ ಕಣಪ್ಪ. ಇದು ಹುಳಿಗೆ ತಿರುಗ್ತಾ ಐತೆ."

ನನಗೆ ಮುಜುಗರವಾಯಿತು. ಹುಡುಗ ಮೇಡಮ್‌ಗೆ ಹೇಳಲು ಒಳಗೆ ಹೋದ. ನಾನೂ ಅದನ್ನು ಮೂಸಿದೆ, ಕುಡಿದೂ ನೋಡಿದೆ. ವಾರದ ಹಿಂದೆ ನಾನು ಕುಡಿದದ್ದೂ ಗೋಧಿಯದೇ, ಅದೇ ರುಚಿ. "ಮಾವ, ಇದು ಅದರ ಗುಣವೇ ಇರಬೇಕು, ನಮಗೆ ಗೊತ್ತಿಲ್ಲದ್ದು" ಎಂದೆ. "ನಂಗೆ ಬಿಯರು ಗೊತ್ತಿಲ್ಲ. ಹುಳಿ ಗೊತ್ತು" ಎಂದ.

ಒಳಗಿಂದ ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕಾಲಿಗೆ ಮೊಣಕಾಲಿನವರೆಗೆ ರಬ್ಬರ್ ಬೂಟು, ಕೂದಲಿಗೆ ಬಲೆ, ಕೈ ಒದ್ದೆ. ಅಲ್ಲಿ ಬಿಯರು ಮಾಡುವವಳು ಅವಳೇ. ಕೊರಟಗೆರೆಯವಳು, ಅಪ್ಪ ಬಟ್ಟೆ ಹೊಲಿಯುತ್ತಾರೆ, ಬಿಯರಿನ ವಿದ್ಯೆ ಕಲಿಯಲು ಪುಣೆಯಲ್ಲಿದ್ದಳು ಎಂಬುದೆಲ್ಲ ಆಮೇಲೆ ತಿಳಿಯಿತು. ಆಗ ಅವಳು ಕೇಳಿದ್ದು ಒಂದೇ ಮಾತು.

"ತಾತ, ಏನು ಅನ್ನಿಸ್ತು? ನನಗೂ ಹೇಳಿ."

ಮಾವ ಎದ್ದು ನಿಂತೇ ಹೇಳಿದ. ಬೆಳಗ್ಗೆ ಇಳಿಸಿದ ಸೇಂದಿ ಸಿಹಿ. ಹೊತ್ತೇರಿದ ಹಾಗೆ ಹುಳಿ. ಆದರೆ ಹುಳಿಗೂ ಮೊದಲು ಒಂದು ಗಳಿಗೆ ಇದೆ, ಆಗ ನಾಲಗೆಗೆ ಏನೂ ಗೊತ್ತಾಗುವುದಿಲ್ಲ, ಮೂಗಿಗೆ ಮಾತ್ರ ಗೊತ್ತಾಗುತ್ತದೆ. ಇದು ಆ ಗಳಿಗೆಯಲ್ಲಿದೆ. ಅಷ್ಟೇ.

ಅವಳು ಗ್ಲಾಸು ತೆಗೆದುಕೊಂಡು ಕಣ್ಣು ಮುಚ್ಚಿ ಮೂಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ. "ಹತ್ತು ನಿಮಿಷ" ಎಂದು ಹೋದಳು. ವಾಪಸು ಬಂದಾಗ ಕೈಯಲ್ಲಿ ಎರಡು ಗ್ಲಾಸು. ಒಂದು ನಲ್ಲಿಯಿಂದ ಹಿಡಿದದ್ದು, ಇನ್ನೊಂದು ನೇರ ಟ್ಯಾಂಕಿನಿಂದ. ಯಾವುದು ಯಾವುದೆಂದು ಹೇಳಲಿಲ್ಲ. ನಲ್ಲಿಯ ಕೊಳವೆಯಲ್ಲಿ ಮಾತ್ರ ತೊಂದರೆಯಿದ್ದರೆ ಕೊಳವೆ ತೊಳೆದರೆ ಆಯಿತು. ಟ್ಯಾಂಕಿನಲ್ಲೇ ಇದ್ದರೆ ಐನೂರು ಲೀಟರು ಹೋದ ಹಾಗೆ ಎಂದಷ್ಟೇ ನನಗೆ ಮೆಲ್ಲಗೆ ಹೇಳಿದಳು.

ಮಾವ ಟವಲು ಮೂಸಿದ. ಒಂದನ್ನು ಮೂಸಿದ. ಟವಲು. ಇನ್ನೊಂದು. ಆ ಹೊತ್ತಿಗೆ ಬಡಿಸುವ ಹುಡುಗ, ಅಡುಗೆಯವನು, ಲೆಕ್ಕ ಬರೆಯುವವನು ಎಲ್ಲರೂ ನಾಲ್ಕು ಹೆಜ್ಜೆ ದೂರದಲ್ಲಿ ಬಂದು ನಿಂತಿದ್ದರು.

"ಎರಡ್ರಾಗೂ ಐತೆ ತಾಯಿ" ಎಂದ ಮಾವ. ಅದನ್ನು ಹೇಳುವಾಗ ಅವನ ದನಿ ತಗ್ಗಿತ್ತು. "ಇದ್ರಾಗೆ ವಸಿ ಜಾಸ್ತಿ."

ಅವನು ಮುಟ್ಟಿ ತೋರಿಸಿದ್ದು ಟ್ಯಾಂಕಿನ ಗ್ಲಾಸು.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಬೆಳಗ್ಗೆಯಿಂದ ನನಗೂ ಅನುಮಾನ ಇತ್ತು ಸರ್. ಇಲ್ಲ ಇಲ್ಲ ಅಂತ ನಾನೇ ಹೇಳ್ಕೊಳ್ತಿದ್ದೆ." ನಾನು ವಿಜ್ಞಾನದ ಮೇಷ್ಟ್ರು ಎಂದು ತಿಳಿದ ಮೇಲೆ, "ಬನ್ನಿ, ಕಣ್ಣಲ್ಲೇ ನೋಡ್ಬಿಡೋಣ" ಎಂದು ಇಬ್ಬರನ್ನೂ ಗಾಜಿನ ಗೋಡೆಯ ಆಚೆ ಕರೆದುಕೊಂಡು ಹೋದಳು. ಚಪ್ಪಲಿ ಬಿಡಿಸಿ ಬೂಟು ಕೊಟ್ಟಳು. ಪಂಚೆ ಎತ್ತಿ ಕಟ್ಟಿ, ರಬ್ಬರ್ ಬೂಟು ಹಾಕಿಕೊಂಡ ಮಾವ ಗದ್ದೆಗೆ ಇಳಿಯುವವನಂತೆ ಕಂಡ.

ಟ್ಯಾಂಕುಗಳ ಹಿಂದೆ ಒಂದು ಸಣ್ಣ ಕೋಣೆ, ಅದರಲ್ಲಿ ಒಂದು ಮೈಕ್ರೋಸ್ಕೋಪು. ಅವಳು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ, ನೀಲಿ ಬಣ್ಣ ಬಿಟ್ಟು, ಮುಚ್ಚಿ, ತಿರುಗಿಸಿ ತಿರುಗಿಸಿ ಸರಿಮಾಡಿ, ನನ್ನನ್ನು ಕರೆದಳು.

ಇಪ್ಪತ್ತಾರು ವರ್ಷದಿಂದ ಈಸ್ಟಿನ ಪಾಠ ಮಾಡಿದ್ದೇನೆ. ಕರಿಹಲಗೆಯ ಮೇಲೆ ಒಂದು ದೊಡ್ಡ ಗುಂಡು, ಅದರ ಹೆಗಲ ಮೇಲೊಂದು ಸಣ್ಣ ಗುಂಡು ಬರೆದು, ಮೊಗ್ಗೊಡೆಯುವುದು ಎಂದು ಕೆಳಗೆ ಗೆರೆ ಎಳೆದಿದ್ದೇನೆ. ನಮ್ಮ ಶಾಲೆಯ ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಷ್ಟು ಹಿಡಿದು ಎಷ್ಟೋ ವರ್ಷವಾಯಿತು. ಅದರಲ್ಲಿ ಯಾವುದನ್ನು ಇಟ್ಟರೂ ಮಂಜಿನೊಳಗಿನ ಬೆಟ್ಟದಂತೆ ಕಾಣುತ್ತದೆ. ಇಲ್ಲಿ ನಾನು ಕಣ್ಣಿಟ್ಟಾಗ ಎಲ್ಲ ನಿಚ್ಚಳವಾಗಿತ್ತು. ನೂರಾರು ದುಂಡನೆಯ ಜೀವಗಳು, ಒಂದೊಂದರ ಅಂಚಿನಲ್ಲೂ ಬೆಳಕು, ಒಳಗೆ ಏನೋ ನಡುಗುತ್ತಿತ್ತು. ಕೆಲವು ತಮ್ಮ ಮರಿಯನ್ನು ಪಕ್ಕಕ್ಕೆ ಅಂಟಿಸಿಕೊಂಡು ನಿಧಾನವಾಗಿ ತೇಲುತ್ತಿದ್ದವು. ನಾನು ಬರೆದ ಚಿತ್ರ ತಪ್ಪಾಗಿರಲಿಲ್ಲ. ಆದರೆ ಅದರಲ್ಲಿ ಜೀವ ಇರಲಿಲ್ಲ. ಒಂದು ಹನಿಯಲ್ಲಿ ಇಷ್ಟು ಇದ್ದರೆ ಪಕ್ಕದ ಟ್ಯಾಂಕಿನಲ್ಲಿ ಎಷ್ಟು ಎಂದು ಯೋಚಿಸಲು ಹೋಗಿ ತಲೆ ತಿರುಗಿ ಬಿಟ್ಟುಬಿಟ್ಟೆ.

"ದುಂಡಗಿರೋದಲ್ಲ ಸರ್, ಅವುಗಳ ಮಧ್ಯೆ ನೋಡಿ" ಎಂದಳು ಅವಳು.

ಆಗ ಕಂಡಿತು. ದುಂಡನೆಯವುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ತೆಳ್ಳಗಿನ ಕಡ್ಡಿ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ದಾಯಾದಿಗಳು. ಹೊಟ್ಟೆಗೆ ಹೋದರೆ ಏನೂ ಅಪಾಯವಿಲ್ಲ, ಬಿಯರಿಗೆ ಮಾತ್ರ ಇನ್ನು ನಾಲ್ಕೈದು ದಿನದಲ್ಲಿ ಹುಳಿ ಬರುತ್ತದೆ ಎಂದು ವಿವರಿಸಿದಳು. ಯಂತ್ರದಲ್ಲಿ ನಾನೂರು ಪಟ್ಟು ದೊಡ್ಡದು ಮಾಡಿ ಹುಡುಕಿ ಕಂಡದ್ದನ್ನು ಮಾವ ಮರದ ಕುರ್ಚಿಯಲ್ಲಿ ಕೂತು ಟವಲು ಹಿಡಿದುಕೊಂಡು ಕಂಡಿದ್ದ. ನಾನು ಅವನ ಕಡೆ ತಿರುಗಿ ನೋಡಿದೆ. ಚಿಕ್ಕಂದಿನಿಂದ ನೋಡಿದ ಮುಖ. ಆ ಮೂಗನ್ನು ನಾನು ಯಾವತ್ತೂ ಗಮನಿಸಿರಲೇ ಇಲ್ಲ.

"ತಾತ, ನೀವೂ ನೋಡಿ" ಎಂದು ಅವಳು ಸ್ಟೂಲು ತಗ್ಗಿಸಿಕೊಟ್ಟಳು.

ಮಾವ ಹೊಸ ಕಣ್ಣನ್ನು ಇಟ್ಟ. ಮೊದಲು ಕತ್ತಲೆ ಎಂದ. ಅವಳು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟೇ ಬಲಕ್ಕೆ ಸರಿಸಿದಳು. ಆಮೇಲೆ ಅವನು ನೋಡುತ್ತಲೇ ಇದ್ದ. ಒಂದು ನಿಮಿಷ, ಎರಡು ನಿಮಿಷ. ಹಿಂದೆ ಯಂತ್ರವೊಂದು ಗುಂಯ್ಗುಡುತ್ತಿತ್ತು.

"ಇವೇನಾ?" ಎಂದ ಕೊನೆಗೆ, ಕಣ್ಣು ತೆಗೆಯದೆ. "ಹೊತ್ತಾರೆ ಮಡಕೆಗೆ ಕಿವಿ ಕೊಟ್ರೆ ಸುಯ್ ಅಂತ ಕೂಗ್ತಿದ್ದೋವು, ಇವೇನಾ? ನಾನು ಗಾಳಿ ಅಂತಿದ್ದೆ. ಇವು ಬದುಕಿದ್ವಾ?"

"ಇವೇ ತಾತ. ಇವೇ ಅಥವಾ ಇವುಗಳ ಅಣ್ಣತಮ್ಮಂದಿರು."

"ಮೂವತ್ತು ವರ್ಸ ಇವ್ರ ದುಡಿಮೆ ತಿಂದಿದೀನಿ. ಮಕ ನೋಡಿರ್ಲಿಲ್ಲ ನೋಡು."

ಕಣ್ಣು ತೆಗೆದಾಗ ಅದರಲ್ಲಿ ನೀರಿತ್ತು. ಆಪರೇಷನ್ ಆದ ಕಣ್ಣು, ಬೆಳಕಿಗೆ ನೀರು ಬರುತ್ತದೆ ಎಂದು ಅವನೇ ಹೇಳಿ ಟವಲಿನಿಂದ ಒರೆಸಿಕೊಂಡ.

ಅವಳು ಎದ್ದು ಹೋಗಿ ಆ ಟ್ಯಾಂಕಿನ ನಲ್ಲಿಗೆ ಬೀಗ ಹಾಕಿ, ಕೆಂಪು ಚೀಟಿ ಕಟ್ಟಿದಳು. ಹೊರಗಿನ ಬೋರ್ಡಿನಿಂದ ಗೋಧಿ ಬಿಯರಿನ ಹೆಸರನ್ನು ಒರೆಸಿ ಎಂದು ಹುಡುಗನಿಗೆ ಹೇಳಿದಳು. ಲೆಕ್ಕ ಬರೆಯುವವನು, "ಮೇಡಮ್, ಇವತ್ತು ಶನಿವಾರ, ರಾತ್ರಿ ಪೂರ್ತಿ ಜನ ಬರ್ತಾರೆ. ಯಾರಿಗೂ ಗೊತ್ತಾಗಲ್ಲ. ಇವತ್ತು ನಾಳೆ ಓಡಿಸ್ಬಿಟ್ರೆ ಅರ್ಧ ಖಾಲಿಯಾಗುತ್ತೆ" ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ; ನಷ್ಟ ತಡೆಯುವುದು ಅವನ ಕೆಲಸ.

"ಈ ತಾತಂಗೆ ಗೊತ್ತಾಯ್ತಲ್ಲ" ಎಂದಳು ಅವಳು.

ಅಬಕಾರಿ ಇಲಾಖೆಗೆ ತಿಳಿಸಿ, ಅಲ್ಲಿಂದ ಒಬ್ಬರು ಬಂದ ಮೇಲೇ ಅದನ್ನು ಚೆಲ್ಲಬೇಕಂತೆ. ಗುರುವಾರ ಆಗಬಹುದು ಎಂದಳು. ಆ ದಿನ ಮಾವ ಇನ್ನೇನೂ ಮುಟ್ಟಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದವನು ಇದ್ದಕ್ಕಿದ್ದಂತೆ ಹಳೆಯದೊಂದು ಹೇಳಿದ. ಸೇಂದಿಯ ಕೊನೆಕೊನೆಯ ವರ್ಷಗಳಲ್ಲಿ ಅವನ ಗುತ್ತಿಗೆದಾರ ಮಡಕೆಗೆ ಯಾವುದೋ ಪುಡಿ ಬೆರೆಸಲು ಶುರುಮಾಡಿದ. ಅಮಲು ಹೆಚ್ಚಲಿ, ಒಂದು ಮಡಕೆ ನಾಲ್ಕಾಗಲಿ ಎಂದು. ಮಾವ ಒಂದು ದಿನ ಅಂಗಡಿಯ ಹಿಂದೆ ಹೋಗಿ ಆರು ಮಡಕೆಯನ್ನು ನೆಲಕ್ಕೆ ಒದ್ದ. ಅವತ್ತೇ ಕೆಲಸ ಹೋಯಿತು; ಏಟೂ ಬಿತ್ತು. "ಆರು ಮಡಕೆ ಒದಿಯಾಕೆ ನಂಗೆ ಮೂರು ದಿನ ನಿದ್ದೆ ಬಂದಿರ್ಲಿಲ್ಲ. ಆ ಹೆಣ್ಮಗ ಟ್ಯಾಂಕಿಗೆ ಬೀಗ ಜಡಿಯಾಕೆ ಮೂರು ನಿಮಿಷ ತಕೊಂಡ್ಲಾ?" ಎಂದು ನನ್ನನ್ನು ಕೇಳಿದ. ನಮ್ಮ ಮನೆಯಲ್ಲಿ ಈ ಕತೆ ಯಾರಿಗೂ ಗೊತ್ತಿರಲಿಲ್ಲ. ಮಾವ ಜಗಳಗಂಟ, ಅದಕ್ಕೇ ಕೆಲಸ ಬಿಟ್ಟ ಎಂದೇ ನಾವು ತಿಳಿದಿದ್ದೆವು.

ಗುರುವಾರ ಬೆಳಗ್ಗೆ ಅವನು ನನಗಿಂತ ಮೊದಲು ಸ್ನಾನ ಮಾಡಿ ಕೂತಿದ್ದ. "ಇವತ್ತೂ ಹೋಗ್ಬೇಕಾ ಮಾವ?" ಅಂದೆ. "ಸಾವಿಗೆ ಹೋಗ್ದಂಗಿರಾಕಾಯ್ತದಾ? ನಾನೇ ನಾಡಿ ನೋಡಿದೋನು" ಎಂದ. ನಾನು ಅರ್ಧ ದಿನ ರಜೆ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ಸ್ವಂತ ಕೆಲಸ ಎಂದು ಬರೆದೆ.

ಅಬಕಾರಿಯವರು ಬಂದು, ಅಳತೆ ನೋಡಿ, ಸಹಿ ಮಾಡಿಸಿಕೊಂಡ ಮೇಲೆ ಅವಳು ಟ್ಯಾಂಕಿನ ತಳದ ಬಿರಡೆ ತಿರುಗಿಸಿದಳು. ಅಷ್ಟು ಚಿನ್ನದ ಬಣ್ಣವನ್ನು ನಾನು ಒಟ್ಟಿಗೇ ಕಂಡಿರಲಿಲ್ಲ. ಮೊದಲು ದಪ್ಪಗೆ ಧುಮುಕಿತು, ಚರಂಡಿಯ ಕಂಬಿಯ ಮೇಲೆ ನೊರೆ ಎದ್ದಿತು, ನೊರೆ ಪಾದದವರೆಗೆ ಬಂತು, ಮೊಣಕಾಲಿಗೆ ಬಂತು. ಕೋಣೆಯ ತುಂಬ ಬಾಳೆಹಣ್ಣಿನ ವಾಸನೆ. ಮೂರು ವಾರದ ಹಿಂದೆ ಬೇಯಿಸಿ, ಹಗಲೂ ರಾತ್ರಿ ತಂಪು ಕಾದು, ದಿನಕ್ಕೆರಡು ಸಲ ಪರೀಕ್ಷೆ ಮಾಡಿ ಮಗುವಿನಂತೆ ಸಾಕಿದ್ದು. ದೂರದೇಶದಿಂದ ಬಂದ ಗೋಧಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು, ಮೂರು ಜನರ ದುಡಿಮೆ ಎಲ್ಲ ಒಂದು ಕಂಬಿಯೊಳಗೆ ಇಳಿದುಹೋಗುತ್ತಿತ್ತು. ಬಡಿಸುವ ಹುಡುಗ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದು ನನಗೆ ನೆನಪಿದೆ.

ಬರಿದಾದ ಮೇಲೆ ತೊಳೆಯುವುದು ಶುರುವಾಯಿತು. ಬಿಸಿನೀರು, ಕ್ಷಾರ, ಮತ್ತೆ ನೀರು, ಆಮ್ಲ, ಮತ್ತೆ ನೀರು, ಹಬೆ. ಒಂದೊಂದು ಬಿರಡೆಯನ್ನೂ ಬಿಚ್ಚಿ, ಅದರ ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೊನೆಗೊಂದು ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಕಡ್ಡಿಗಳು ಅಡಗಿ ಕೂತದ್ದು ಅಲ್ಲಿ. ಅದನ್ನು ಮಾವನ ಅಂಗೈಯಲ್ಲಿ ಇಟ್ಟಳು. "ಅಂಗಡೀಲಿ ಇದಕ್ಕೆ ಇಪ್ಪತ್ತು ರೂಪಾಯಿ ತಾತ" ಎಂದು ನಕ್ಕಳು. ಆ ನಗುವಿನಲ್ಲಿ ದಣಿವಿತ್ತು. ಮಾವ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

ಎಲ್ಲ ಮುಗಿಯುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಮಾವ ಹೊರಗೆ ಬಂದು ಮೇಜಿಗೆ ಕೂತು ಹುಡುಗನನ್ನು ಕರೆದ.

"ಕಹೀದು ಒಂದು ಗ್ಲಾಸು ಕೊಡಪ್ಪ. ಪೂರ್ತಿ ಗ್ಲಾಸು."

ನಾನು ಗಾಬರಿಯಾದೆ. ಇಪ್ಪತ್ತು ವರ್ಷದ ಮೇಲೆ! ಅವಳು ಕೇಳಿಸಿಕೊಂಡು ತಾನೇ ಗ್ಲಾಸು ತುಂಬಿ ತಂದಳು, ದುಡ್ಡು ಬೇಡವೇ ಬೇಡ ಎಂದಳು. ಮಾವ ಸೊಂಟದ ಚೀಲ ಬಿಚ್ಚಿ, ಮಡಿಸಿದ ನೋಟುಗಳನ್ನು ಒಂದೊಂದಾಗಿ ನೀವಿ ಮೇಜಿನ ಮೇಲಿಟ್ಟ. ನನ್ನ ಕೈ ಜೇಬಿಗೆ ಹೋದದ್ದನ್ನು ಕಂಡು ಕಣ್ಣಲ್ಲೇ ತಡೆದ.

"ತಗಾ ತಾಯಿ. ಪುಗಸಟ್ಟೆ ಕುಡುದ್ರೆ ನಾಲಗೆ ಸುಳ್ಳೇಳ್ತದೆ."

ಅವಳು ತೆಗೆದುಕೊಂಡಳು. ಮಾವ ಆ ಒಂದು ಗ್ಲಾಸನ್ನು ಒಂದು ಗಂಟೆ ಕುಡಿದ. ಪ್ರತಿ ಗುಟುಕಿಗೂ ಮೊದಲು ಮೂಸುತ್ತಿದ್ದ. ಬಿಸಿಯೇರಿದ ಹಾಗೆ ವಾಸನೆ ಬದಲಾಗುತ್ತಿದೆ ಎಂದು ಕಂಡುಹಿಡಿದು, ಈಗ ಕಿತ್ತಳೆ ಸಿಪ್ಪೆ, ಈಗ ಮಳೆ ಬಿದ್ದ ಬೇಲಿ, ಈಗ ಏನೋ ಗೊತ್ತಿಲ್ಲ, ಎಂದು ನನಗೆ ಹೇಳುತ್ತಿದ್ದ. ಎದುರಿನಲ್ಲಿ ಕೂತ ಅವಳು ಒಂದು ಪುಸ್ತಕದಲ್ಲಿ ಅದನ್ನೆಲ್ಲ ಬರೆದುಕೊಂಡಳು.

"ದುಬಾರಿನಾ ತಾತ?" ಎಂದು ಕೇಳಿದಳು.

"ದುಬಾರಿ ಅಲ್ಲದೆ ಏನು! ನಮ್ಮಂಥೋರು ವರ್ಸಕ್ಕೊಂದ್ಸಲ ಕುಡಿಯೋದು" ಎಂದ ಮಾವ. ಗ್ಲಾಸನ್ನು ಇನ್ನೊಮ್ಮೆ ಮೂಸಿ, "ಮೋಸ ಇಲ್ಲ" ಎಂದ.

ಇದಾಗಿ ಎರಡು ವರ್ಷವಾಗುತ್ತಾ ಬಂತು. ಗ್ಲಾಸಿನ ಬೆಲೆ ಈಗ ಇನ್ನೂ ಹೆಚ್ಚಾಗಿದೆ, ನಾನು ಆ ಕಡೆ ಹೋಗುವುದು ಅಪರೂಪ. ಮಾವ ಮಾತ್ರ ಹೋಗುತ್ತಾನೆ. ಗೋಧಿಯ ಹೊಸ ಟ್ಯಾಂಕು ತಯಾರಾದಾಗ ಅವಳು ಫೋನು ಮಾಡುತ್ತಾಳೆ. ಇವನು ಪಾವಗಡಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ, ಮೂಸಿ ಬರುತ್ತಾನೆ. ಬಸ್ ಚಾರ್ಜು, ಊಟ, ಅಷ್ಟೇ ಸಾಕೆಂದು ಹಟ ಹಿಡಿದಿದ್ದಾನೆ. ಹಾಳಾದದ್ದು ಮತ್ತೆ ಸಿಕ್ಕಿಲ್ಲ.

ಕಳೆದ ತಿಂಗಳು ಅವಳೇ ಅವನ ಊರಿಗೆ ಬಂದಿದ್ದಳು. ನಾನೂ ಜೊತೆಗಿದ್ದೆ. ಮಾವ ನಮ್ಮನ್ನು ಹಳ್ಳದ ದಂಡೆಗೆ ನಡೆಸಿಕೊಂಡು ಹೋಗಿ, ಉಳಿದಿರುವ ಐದಾರು ಈಚಲು ಮರಗಳಲ್ಲಿ ಒಂದರ ಮುಂದೆ ನಿಲ್ಲಿಸಿದ. ಆ ಮರದ ಬೆನ್ನು ನೆಟ್ಟಗಿರಲಿಲ್ಲ. ಒಂದು ವರ್ಷ ಈ ಕಡೆ ಕೆತ್ತಿದರೆ ಮರುವರ್ಷ ಆ ಕಡೆ ಕೆತ್ತಬೇಕು, ಮರಕ್ಕೆ ಸುಧಾರಿಸಿಕೊಳ್ಳಲು ಬಿಡುವು ಕೊಡಬೇಕು. ಹಾಗಾಗಿ ಕಾಂಡದ ಉದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಕಚ್ಚುಗಳು, ಮೆಟ್ಟಿಲಿನಂತೆ, ಸುಳಿಯ ಕಡೆಗೆ ಏರಿ ಹೋಗಿದ್ದವು. ಒಂದೊಂದು ಕಚ್ಚು ಮಾವನ ಒಂದೊಂದು ವರ್ಷ. ಅವಳು ಕತ್ತು ಹಿಂದಕ್ಕೆ ಬಾಗಿಸಿ ಎಣಿಸುತ್ತಾ ಹೋದಳು. ಹನ್ನೊಂದರ ಹತ್ತಿರ ಬಿಸಿಲು ಕಣ್ಣಿಗೆ ಹೊಡೆದು ತಪ್ಪಿತು, ಮತ್ತೆ ಮೊದಲಿನಿಂದ ಶುರುಮಾಡಿದಳು.

"ಇದ್ರ ಮೈಮೇಲೂ ಈಸ್ಟ್ ಇರುತ್ತೆ ಅಲ್ವಾ ಸರ್?" ಎಂದು ನನ್ನನ್ನು ಕೇಳಿದಳು. ಇದ್ದೇ ಇರುತ್ತದೆ ಎಂದೆ. ಅವಳು ಚೀಲದಿಂದ ಈಸ್ಟ್ ಬೆಳೆಸಲೆಂದು ತಂದ ಸಕ್ಕರೆ ನೀರಿನ ಎರಡು ಪುಟ್ಟ ಬಾಟಲಿ ತೆಗೆದು, ಮಾವನ ಒಪ್ಪಿಗೆ ಕೇಳಿ, ಕೈಗೆಟುಕಿದ ಕಚ್ಚಿನಿಂದ ಚೂರು ಚೂರು ತೊಗಟೆ ಕೆರೆದು ಎರಡರೊಳಗೂ ಹಾಕಿ ಮುಚ್ಚಿದಳು. ಮೊದಲ ಬಾಟಲಿಗೆ ಬೂಷ್ಟು ಬಂತಂತೆ. ಎರಡನೆಯದನ್ನು ಇಟ್ಟಿದ್ದಾಳೆ, ಅದರಲ್ಲಿ ಈಸ್ಟ್ ಬೆಳೆಯಿತೋ ಇಲ್ಲವೋ ಇನ್ನೂ ತಿಳಿದಿಲ್ಲ. ಮಾವ ದಿನಾ ನನಗೆ ಫೋನು ಮಾಡಿ ಕೇಳುತ್ತಾನೆ.